ಮೂಗಿನ ದಾರಿಯಿಂದ ಮೆದುಳಿನ ಗಡ್ಡೆಗೆ

ಔರಾದ್‌ನ ನಮ್ಮ ಕ್ಲಾಸ್‌ಮೇಟ್ ಒಬ್ಬನ ಕಾಕಾ ಎರಡು ಸಲ ಕನ್ನಡಕ ಬದಲಾಯಿಸಿದ್ರು. ಚಾರ್ಟ್‌ನ ಅಕ್ಷರ ಎಲ್ಲ ಓದ್ತಿದ್ರು, ಪಕ್ಕದಿಂದ ಬರೋ ಬೈಕ್ ಮಾತ್ರ ಕಾಣ್ತಿರಲಿಲ್ಲ. ಕೊನೆಗೆ ಬೀದರ್‌ನಲ್ಲಿ ಎಂಆರ್‌ಐ ಮಾಡಿಸಿದಾಗ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ ಇದೆ ಅಂತ ಗೊತ್ತಾಯ್ತು. ಹೈದರಾಬಾದ್‌ನ ಡಾಕ್ಟರು ಮೂಗಿನಿಂದ ತೆಗೀತೀವಿ ಅಂದ್ರಂತೆ. "ಮೂಗಿನ್ಯಾಗಿಂದ ಮೆದುಳಿಗಿ ಹ್ಯಾಂಗ ಹೋಗ್ತಾರಪ್ಪಾ?" ಅಂತ ಅವನ ಆಯಿ ಕೇಳಿದ್ರು. ಭಾಲ್ಕಿಯಿಂದ ಟ್ರೇನಿನಲ್ಲಿ ಬರುವವರೂ ಸೇರಿ ಕ್ಯಾಂಟೀನ್‌ನಲ್ಲಿದ್ದ ನಮ್ಮಲ್ಲಿ ಒಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡಿದ್ದು ಇದು.

ಪಿಟ್ಯುಟರಿ ಬಟಾಣಿ ಕಾಳಿನಷ್ಟು ಇರುತ್ತೆ, ಮೆದುಳಿನ ಕೆಳಗೆ, ತಲೆಬುರುಡೆಯ ತಳದಲ್ಲಿ. ಅದರ ಮೇಲೆಯೇ ಎರಡೂ ಕಣ್ಣಿನ ನರಗಳು ಸೇರುವ ಜಾಗ. ಗಡ್ಡೆ ಬೆಳೆದು ಕೆಳಗಿಂದ ಒತ್ತಿದಾಗ ಮೊದಲು ಹೋಗೋದು ಎರಡು ಬದಿಯ ನೋಟ. ಅಕ್ಷರ ಓದುವ ನಡುವಿನ ನೋಟ ಉಳಿದಿರುತ್ತೆ. ಹೀಗಾಗಿ ಕನ್ನಡಕದಿಂದ ಏನೂ ಆಗಲ್ಲ.

ಇನ್ನು ದಾರಿ. ಮೂಗಿನ ಹಿಂಭಾಗದಲ್ಲಿ ಸ್ಫೆನಾಯ್ಡ್ ಅನ್ನೋ ಗಾಳಿ ತುಂಬಿದ ಟೊಳ್ಳು ಇದೆ. ಅದಕ್ಕೂ ಗ್ರಂಥಿಗೂ ನಡುವೆ ಇರೋದು ತೆಳುವಾದ ಮೂಳೆ. ಅಂದ್ರೆ ಮೆದುಳನ್ನು ಸರಿಸದೆಯೇ ಗಡ್ಡೆ ತಲುಪಬಹುದು! 1907ರಲ್ಲೇ ಆಸ್ಟ್ರಿಯಾದ ಹರ್ಮನ್ ಶ್ಲೋಫರ್ ಈ ಕಡೆಯಿಂದ ಹೋಗಿದ್ದರು, ಆದರೆ ಆಗ ಮುಖದ ಮೇಲೆ ಕೊಯ್ದು ಮೂಗನ್ನೇ ಪಕ್ಕಕ್ಕೆ ಸರಿಸಬೇಕಿತ್ತು. ಈಗ ಮೂಗಿನ ಹೊಳ್ಳೆಯಲ್ಲಿ 4 ಮಿ.ಮೀ. ದಪ್ಪದ ಎಂಡೋಸ್ಕೋಪ್ ಹೋಗುತ್ತೆ. ಇದರ ಹಿಂದೆ ಇರೋದು ಬ್ರಿಟನ್ನಿನ ಭೌತವಿಜ್ಞಾನಿ ಹೆರಾಲ್ಡ್ ಹಾಪ್‌ಕಿನ್ಸ್ 1959ರಲ್ಲಿ ರೂಪಿಸಿದ ಉಪಾಯ: ಕೊಳವೆಯಲ್ಲಿ ಚಿಕ್ಕ ಚಿಕ್ಕ ಲೆನ್ಸ್ ಬದಲು ಉದ್ದ ಗಾಜಿನ ಕಡ್ಡಿಗಳು, ನಡುವೆ ಸ್ವಲ್ಪ ಗಾಳಿ. ಬೆಳಕು ಬಹಳ ಹೆಚ್ಚು ಬರುತ್ತೆ.

ಗ್ರಂಥಿಯ ಎರಡೂ ಪಕ್ಕದಲ್ಲಿ ಮೆದುಳಿಗೆ ರಕ್ತ ಒಯ್ಯುವ ದೊಡ್ಡ ನಾಳಗಳಿವೆ. ಮಿಲಿಮೀಟರ್ ತಪ್ಪಿದ್ರೂ ಕಷ್ಟ. ಅದಕ್ಕೆ ಇನ್‌ಫ್ರಾರೆಡ್ ಕ್ಯಾಮೆರಾ ಇಟ್ಟು, ಉಪಕರಣದ ತುದಿ ಎಂಆರ್‌ಐ ಚಿತ್ರದಲ್ಲಿ ಎಲ್ಲಿದೆ ಅಂತ ಸ್ಕ್ರೀನ್ ಮೇಲೆ ತೋರಿಸ್ತಾರೆ. ಒಳಗೆ ನಡೆಯೋದು ಮ್ಯಾಟ್ರಿಕ್ಸ್ ಲೆಕ್ಕ. ಫಸ್ಟ್ ಇಯರ್‌ನಲ್ಲಿ ನಾವು ಬೈದುಕೊಂಡು ಮಾಡಿದ್ದು ಅದೇ.

ಎಲ್ಲ ಗಡ್ಡೆಗೂ ಈ ದಾರಿ ಇಲ್ಲ. ಮೆದುಳಿನ ಒಳಗೇ ಬೆಳೆದದ್ದಕ್ಕೆ ಸಾಮಾನ್ಯವಾಗಿ ತಲೆಬುರುಡೆ ತೆರೆಯಲೇಬೇಕು. ಮೂಗಿನ ದಾರಿಯಲ್ಲೂ ಮೆದುಳಿನ ಸುತ್ತಲ ದ್ರವ ಸೋರುವ ಭಯ ಇದೆ. ಕಾಕಾಗೆ ಕೆಲವು ವಾರ ಮೂಗು ಸೀಟಬೇಡಿ ಅಂದಿದ್ರು, ಧೂಳಿನ ಊರಲ್ಲಿ ಅದೇ ದೊಡ್ಡ ತಪಸ್ಸು.

ಬದಿಯ ನೋಟ ಅವರಿಗೆ ಪೂರ್ತಿ ವಾಪಸ್ ಬಂದಿಲ್ಲ, ತಡವಾಗಿತ್ತು. ಮನೆಯಲ್ಲಿ ಯಾರಾದ್ರೂ ಹೀಗೆ ಹೇಳಿದ್ರೆ ಎದುರು ಕೂತು, ಒಂದು ಕಣ್ಣು ಮುಚ್ಚಿಸಿ, ನಿಮ್ಮ ಮೂಗನ್ನೇ ನೋಡೋಕೆ ಹೇಳಿ. ಪಕ್ಕದಿಂದ ಬೆರಳು ಆಡಿಸುತ್ತಾ ತನ್ನಿ. ಕಾಣದಿದ್ರೆ ಕನ್ನಡಕದಂಗಡಿ ಬೇಡ, ಬ್ರಿಮ್ಸ್‌ಗೋ ಬೇರೆ ಕಣ್ಣಿನ ಡಾಕ್ಟರ್ ಹತ್ರವೋ ಕರ್ಕೊಂಡು ಹೋಗಿ. ಹಾಸ್ಟೆಲ್‌ನಲ್ಲಿ ನಾವು ಒಬ್ಬರಿಗೊಬ್ಬರು ಮಾಡಿ ನೋಡಿದ್ವಿ, ಒಬ್ಬರಿಗೆ ಒಂದು ನಿಮಿಷವೂ ಹಿಡಿಯಲಿಲ್ಲ.