ಹೆಸರೊಂದು, ಜನ ಹಲವು

ಮುಸಲ್ಮಾನರು ತಮ್ಮ ಸಮಾಜದಲ್ಲಿ ಬೆರೆಯಬಲ್ಲರೇ ಎಂಬ ಚರ್ಚೆ ಪಶ್ಚಿಮದ ದೇಶಗಳಲ್ಲಿ ಇನ್ನೂ ನಿಂತಿಲ್ಲ. ಆದರೆ ಅವರೆಂದರೆ ಯಾರು? 1961ರ ಒಪ್ಪಂದದಂತೆ ಜರ್ಮನಿಗೆ ದುಡಿಯಲು ಹೋದ ತುರ್ಕಿ ಕಾರ್ಮಿಕ, ಫ್ರಾನ್ಸಿನಲ್ಲಿ ನೆಲೆಸಿದ ಅಲ್ಜೀರಿಯಾದವನು, ಬ್ರಿಟನ್ನಿನಲ್ಲಿರುವ ಸಿಲ್ಹೆಟ್ಟಿನ ಬಂಗಾಳಿ, ಇವರ ಮಾತು, ಊಟ, ಉಡುಪುಗಳು ಬೇರೆಬೇರೆ. ಎಲ್ಲರನ್ನೂ ಒಂದೇ ಹೆಸರಿನಿಂದ ಕರೆದಾಗ ಈ ಭೇದಗಳು ಮರೆಯಾಗುತ್ತವೆ. ನೆರೆಯವನು ಮನುಷ್ಯನಾಗಿ ಉಳಿಯದೆ ಬರಿಯ ಸಮಸ್ಯೆಯಾಗಿ ತೋರುತ್ತಾನೆ.

ಈ ಪ್ರಶ್ನೆಯನ್ನು ನಮ್ಮ ವಿಜಯಪುರವು ನಾಲ್ಕು ಶತಮಾನಗಳ ಹಿಂದೆಯೇ ಎದುರಿಸಿತ್ತು. ಆದಿಲಶಾಹಿ ಕಾಲದಲ್ಲಿ ಇರಾನಿನ ಕಡೆಯಿಂದ ಬಂದ ಆಫಾಕಿಗಳು, ಆಫ್ರಿಕದಿಂದ ಬಂದ ಹಬಶಿಗಳು, ಈ ನೆಲದಲ್ಲೇ ಹುಟ್ಟಿ ಬೆಳೆದ ದಖನಿಗಳು ಒಂದೇ ನಗರದಲ್ಲಿದ್ದರು. ಅರಸನು ಬದಲಾದಂತೆ ಆಸ್ಥಾನದ ಪಂಥವು ಶಿಯಾ ಇಲ್ಲವೆ ಸುನ್ನಿ ಆದುದುಂಟು. ಅಧಿಕಾರಕ್ಕಾಗಿ ಈ ಗುಂಪುಗಳೊಳಗೆ ರಕ್ತಪಾತವೂ ನಡೆಯಿತು. ಆದುದರಿಂದ ಅದನ್ನು ಕೇವಲ ಸುವರ್ಣಯುಗವೆಂದು ಹೊಗಳುವುದು ಸಲ್ಲದು.

ಆದರೂ ಕಾಲಕ್ರಮದಲ್ಲಿ ಅವರು ಈ ನೆಲದವರೇ ಆದರು. ಅದಕ್ಕೆ ಭಾಷೆ ಮತ್ತು ಹಾಡು ಬಹಳ ನೆರವಾದವು. 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲಶಹನು ದಖನಿಯಲ್ಲಿ ‘ಕಿತಾಬ್-ಎ-ನವರಸ್’ ರಚಿಸಿದನು. ಅದರಲ್ಲಿ ಕಲಬುರಗಿಯ ಬಂದೇನವಾಜರ ಸ್ತುತಿಯೊಡನೆ ಸರಸ್ವತಿಯ ಸ್ತುತಿಯೂ ಇದೆ. ಅವನಿಗೆ ‘ಜಗದ್ಗುರು’ ಎಂಬ ಬಿರುದಿತ್ತು. ಸೂಫಿ ಪರಂಪರೆಯವರು ಪಂಡಿತರ ಪಾರಸಿಯನ್ನು ಬದಿಗಿಟ್ಟು, ಬೀಸುವ ಕಲ್ಲಿನ ಮುಂದೆ ಹಾಡುವ ‘ಚಕ್ಕಿನಾಮಾ’ಗಳನ್ನು ದಖನಿಯಲ್ಲಿ ಕಟ್ಟಿದರು. ಕಾಳು ಬೀಸುವ ಹೆಂಗಸಿಗೆ ಅವುಗಳ ಮೂಲಕ ದೇವರ ನಾಮಸ್ಮರಣೆ ದೊರಕಿತು.

ಆ ಬೆಸುಗೆಯನ್ನು ಕಾಣಲು ಇಂದಿಗೂ ದೂರ ಹೋಗಬೇಕಾಗಿಲ್ಲ. ಬಿಜ್ಜರಗಿ, ಟಿಕೋಟಾ, ಬಬಲೇಶ್ವರಗಳನ್ನೊಳಗೊಂಡ ಈ ಸೀಮೆಯಲ್ಲಿ ಹಣ್ಣು ಮಾರುವ ಬಾಗವಾನ, ಹತ್ತಿ ಹಿಂಜುವ ನದಾಫ, ಸುಗಂಧ ಮಾರುವ ಅತ್ತಾರ ಎಂದು ಕಸುಬೇ ಮನೆತನದ ಹೆಸರಾಗಿದೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಮ್ಮಿನ ಅಲಾಯಿ ದೇವರಿಗೆ ಹಿಂದೂಗಳೂ ಹರಕೆ ಹೊರುತ್ತಾರೆ. ಹಸನ್-ಹುಸೇನರ ಬಲಿದಾನವನ್ನು ಕನ್ನಡದ ರಿವಾಯತ ಪದಗಳಲ್ಲಿ ಹಾಡುತ್ತಾರೆ. ಮಹಾಲಿಂಗಪುರದ ಇಬ್ರಾಹಿಂ ಸುತಾರರು ವಚನ, ತತ್ತ್ವಪದಗಳ ಮೂಲಕ ಸೌಹಾರ್ದವನ್ನು ಬೋಧಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. 2022ರಲ್ಲಿ ಅವರು ನಿಧನರಾದಾಗ ನಾಡೇ ಮರುಗಿತು. ಇವರಾರೂ ಬೆರೆಯುವುದಕ್ಕಾಗಿ ತಮ್ಮ ನಂಬಿಕೆಯನ್ನು ಬಿಟ್ಟವರಲ್ಲ.

ಕ್ರೈಸ್ತ ಬಾಂಧವರಾದ ನಮಗೆ ಇದು ಪರರ ವಿಷಯವಲ್ಲ. ಕೊಂಕಣಿ, ತಮಿಳು, ತೆಲುಗು, ಕನ್ನಡಗಳನ್ನು ಮನೆಯಲ್ಲಿ ಆಡುವ ನಮ್ಮನ್ನೂ ಒಂದೇ ಮಾತಿನಲ್ಲಿ ‘ಪರದೇಶಿ ಧರ್ಮದವರು’ ಎಂದಾಗ ನಾವು ನೊಂದಿದ್ದೇವೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಪ್ರಕಟಿಸಿದ ಘೋಷಣೆಯಲ್ಲಿ ಮುಸಲ್ಮಾನರನ್ನು ಗೌರವದಿಂದ ಕಾಣಬೇಕೆಂದೂ, ಹಿಂದಿನ ಕಲಹಗಳನ್ನು ಮರೆತು ಪರಸ್ಪರ ಅರಿಯಲು ಶ್ರಮಿಸಬೇಕೆಂದೂ ಹೇಳಿದೆ. ಅರಿಯುವುದೆಂದರೆ ಮೊದಲು ವಿಚಾರಿಸುವುದು. ಪಕ್ಕದ ಮನೆಯವರ ಹಿರಿಯರು ಎಲ್ಲಿಂದ ಬಂದರು, ಯಾವ ಕಸುಬು ಮಾಡಿದರು, ಯಾವ ಪದ ಹಾಡಿದರು ಎಂದು ನಾವು ಎಂದಾದರೂ ಕೇಳಿದ್ದೇವೆಯೇ? ಬರುವ ಹಬ್ಬಕ್ಕೆ ಅವರ ಮನೆಗೆ ಹೋದಾಗಲಾದರೂ ಕೇಳೋಣ.