ಬೈಗುಳಕ್ಕೆ ಸಿಕ್ಕ ಪುಕ್ಕಟೆ ಕೀರ್ತಿ

ಅದು 1960ರ ದಶಕದ ಮಾತು. ಇಸ್ರೇಲಿನ ವಾಯುಪಡೆಯಲ್ಲಿ ಹೊಸಬರಿಗೆ ವಿಮಾನ ಹಾರಿಸುವುದನ್ನು ಕಲಿಸುವ ಅನುಭವಿ ಶಿಕ್ಷಕರೆಲ್ಲ ಅಂದು ತಾವೇ ವಿದ್ಯಾರ್ಥಿಗಳಾಗಿ ಕುಳಿತಿದ್ದರು. ಅವರಿಗೆ ಪಾಠ ಹೇಳಲು ಬಂದಿದ್ದವರು ಜೆರೂಸಲೆಂನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರ ಬೋಧಿಸುತ್ತಿದ್ದ ಯುವ ಅಧ್ಯಾಪಕ ಡೇನಿಯಲ್ ಕಾನೆಮನ್. ಕಲಿಯುವವರನ್ನು ದಂಡಿಸುವುದಕ್ಕಿಂತ ಮೆಚ್ಚಿ ಪ್ರೋತ್ಸಾಹಿಸುವುದೇ ಹೆಚ್ಚು ಫಲಕಾರಿ ಎಂಬುದು ಅಂದಿನ ಪಾಠ. ಪಾರಿವಾಳ, ಇಲಿ, ಮನುಷ್ಯರ ಮೇಲೆ ನಡೆದ ಪ್ರಯೋಗಗಳ ಆಧಾರವನ್ನೆಲ್ಲ ಅವರು ಮುಂದಿಟ್ಟರು.

ಪಾಠ ಮುಗಿಯುತ್ತಿದ್ದಂತೆ ಹಿರಿಯ ಶಿಕ್ಷಕರೊಬ್ಬರು ಎದ್ದು ನಿಂತರು. ಇದೆಲ್ಲ ಹಕ್ಕಿಗಳಿಗೆ ಸರಿ ಇರಬಹುದು, ನಮ್ಮ ಹುಡುಗರಿಗೆ ಅಲ್ಲ ಎಂದು ನೇರವಾಗಿಯೇ ಹೇಳಿದರು. ಆಕಾಶದಲ್ಲಿ ಚೆನ್ನಾಗಿ ಪಲ್ಟಿ ಹೊಡೆದ ಹುಡುಗನನ್ನು ಹೊಗಳಿದರೆ ಮುಂದಿನ ಸಲ ಅವನು ಕೆಡಿಸುತ್ತಾನೆ. ಕೆಟ್ಟದಾಗಿ ಮಾಡಿದವನಿಗೆ ಕಿವಿಗೆ ಬಡಿಯುವಂತೆ ಬೈದರೆ ಮುಂದಿನ ಸಲ ಸುಧಾರಿಸುತ್ತಾನೆ. ಇದು ತಮ್ಮ ಎಷ್ಟೋ ವರ್ಷಗಳ ಅನುಭವ ಎಂದರು.

ನಮ್ಮ ಎಷ್ಟು ಮೇಷ್ಟರುಗಳು, ಎಷ್ಟು ತಂದೆತಾಯಿಗಳು ಇದೇ ಮಾತನ್ನು ಆಡಿಲ್ಲ! 'ದಂಡಂ ದಶಗುಣಂ' ಎಂಬ ಗಾದೆಯೇ ನಮ್ಮಲ್ಲಿದೆಯಲ್ಲ.

ಕಾನೆಮನ್ ವಾದಕ್ಕೆ ಇಳಿಯಲಿಲ್ಲ. ಆ ಶಿಕ್ಷಕರು ಕಂಡದ್ದು ಸುಳ್ಳಲ್ಲ, ಅದಕ್ಕೆ ಅವರು ಕೊಟ್ಟುಕೊಂಡ ಕಾರಣ ಮಾತ್ರ ತಪ್ಪು ಎಂಬುದು ಅವರಿಗೆ ಆ ಕ್ಷಣದಲ್ಲಿ ಹೊಳೆಯಿತು. ಸೀಮೆಸುಣ್ಣದಿಂದ ನೆಲದ ಮೇಲೊಂದು ಗುರಿ ಬರೆದರು. ಪ್ರತಿಯೊಬ್ಬರೂ ಗುರಿಗೆ ಬೆನ್ನು ಮಾಡಿ ನಿಂತು, ತಿರುಗಿ ನೋಡದೆ, ಎರಡು ನಾಣ್ಯಗಳನ್ನು ಒಂದಾದ ಮೇಲೊಂದರಂತೆ ಹಿಂದಕ್ಕೆ ಎಸೆಯಬೇಕು. ನಾಣ್ಯ ಗುರಿಯಿಂದ ಎಷ್ಟು ದೂರ ಬಿತ್ತೆಂದು ಅಳೆದು ಕಪ್ಪು ಹಲಗೆಯ ಮೇಲೆ ಬರೆದರು. ಮೊದಲ ಎಸೆತದಲ್ಲಿ ಗುರಿಗೆ ತೀರ ಹತ್ತಿರ ಬಂದವರಲ್ಲಿ ಹೆಚ್ಚಿನವರು ಎರಡನೆಯ ಎಸೆತದಲ್ಲಿ ದೂರ ಸರಿದಿದ್ದರು. ಮೊದಲು ತೀರ ದೂರ ಎಸೆದಿದ್ದವರಲ್ಲಿ ಹೆಚ್ಚಿನವರು ಎರಡನೆಯ ಸಲ ಹತ್ತಿರ ಬಂದಿದ್ದರು. ಅಲ್ಲಿ ಯಾರನ್ನೂ ಯಾರೂ ಹೊಗಳಿರಲಿಲ್ಲ, ಯಾರೂ ಬೈದಿರಲಿಲ್ಲ!

ಸರಾಸರಿಯ ಕಡೆಗೆ

ಇದರ ಹಿಂದಿನ ನಿಯಮ ಹೊಸದೇನಲ್ಲ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿಯೇ ಅದನ್ನು ಪ್ರಕಟಿಸಿದ್ದರು. 205 ದಂಪತಿಗಳ ಎತ್ತರವನ್ನೂ ಅವರ 928 ವಯಸ್ಕ ಮಕ್ಕಳ ಎತ್ತರವನ್ನೂ ಹೋಲಿಸಿದಾಗ, ತುಂಬ ಎತ್ತರದ ತಂದೆತಾಯಿಗಳ ಮಕ್ಕಳು ಸರಾಸರಿಯಲ್ಲಿ ಅವರಷ್ಟು ಎತ್ತರ ಇರಲಿಲ್ಲ. ತುಂಬ ಕುಳ್ಳಗಿನ ತಂದೆತಾಯಿಗಳ ಮಕ್ಕಳು ಅವರಷ್ಟು ಕುಳ್ಳಗಿರಲಿಲ್ಲ. ಎರಡು ಅಂಚುಗಳಿಂದಲೂ ಮಧ್ಯದ ಕಡೆಗೆ ಸರಿಯುವ ಈ ಪ್ರವೃತ್ತಿಯನ್ನು ಸರಾಸರಿಯೆಡೆಗಿನ ಹಿಂಚಲನೆ ಎನ್ನಬಹುದು.

ನಮ್ಮ ಶಾಲೆಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಸಾಧಾರಣವಾಗಿ ನೂರಕ್ಕೆ 60 ಅಂಕ ತೆಗೆಯುವ ಹುಡುಗನೊಬ್ಬ ಕಿರುಪರೀಕ್ಷೆಯಲ್ಲಿ 80 ತೆಗೆದ ಎನ್ನಿ. ಓದಿದ್ದ ಪಾಠವೇ ಬಂದಿರಬಹುದು, ಹಿಂದಿನ ರಾತ್ರಿ ನಿದ್ದೆ ಚೆನ್ನಾಗಿ ಆಗಿರಬಹುದು. ಅಂಕದಲ್ಲಿ ಅವನ ಯೋಗ್ಯತೆಯ ಪಾಲೂ ಇದೆ, ಅದೃಷ್ಟದ ಪಾಲೂ ಇದೆ. ಅದೃಷ್ಟ ಪ್ರತಿ ಸಲವೂ ಜೊತೆಗೆ ಬರುವುದಿಲ್ಲ. ಹೀಗಾಗಿ ಮುಂದಿನ ಸಲ ಅವನು 60ರ ಹತ್ತಿರಕ್ಕೆ ಇಳಿಯುವ ಸಂಭವವೇ ಹೆಚ್ಚು. ಅದೇ ಹುಡುಗ ಜ್ವರ ಬಂದ ದಿನ 40 ತೆಗೆದಿದ್ದರೆ ಮುಂದಿನ ಸಲ ಮೇಲೇರುತ್ತಾನೆ. ನಾವು ಹೊಗಳುವುದು 80 ಬಂದಾಗ, ಬೆತ್ತ ಎತ್ತುವುದು 40 ಬಂದಾಗ. ಇಳಿತದ ಅಪವಾದ ಹೊಗಳಿಕೆಗೆ, ಏರಿಕೆಯ ಕೀರ್ತಿ ಬೆತ್ತಕ್ಕೆ!

ಕಾನೆಮನ್‌ರಿಗೆ ಇದು ಬರೀ ಲೆಕ್ಕದ ಚಮತ್ಕಾರವಾಗಿ ಕಾಣಲಿಲ್ಲ. ಒಳ್ಳೆಯದಾದಾಗ ಮೆಚ್ಚುತ್ತೇವೆ, ಕೆಟ್ಟದ್ದಾದಾಗ ದಂಡಿಸುತ್ತೇವೆ. ಹಿಂಚಲನೆಯೋ ತನ್ನ ಪಾಡಿಗೆ ನಡೆದೇ ಇರುತ್ತದೆ. ಇದರಿಂದಾಗಿ ಮೆಚ್ಚಿದವರಿಗೆ ನಿರಾಶೆಯೂ ದಂಡಿಸಿದವರಿಗೆ ತೃಪ್ತಿಯೂ ಬದುಕಿನುದ್ದಕ್ಕೂ ದೊರೆಯುತ್ತಿರುತ್ತದೆ ಎಂದು ಅವರು ಬರೆದರು. ನಾಣ್ಯದ ಪ್ರಯೋಗದಿಂದ ಹೊಗಳಿಕೆ ಫಲಿಸುತ್ತದೆ ಎಂದು ಸಿದ್ಧವಾಗುವುದಿಲ್ಲ, ಅದಕ್ಕೆ ಬೇರೆ ಪ್ರಯೋಗಗಳೇ ಆಧಾರ. ಬೈಗುಳದ ಪರವಾಗಿ ನಾವು ಹೇಳಿಕೊಳ್ಳುವ 'ಅನುಭವ' ಮಾತ್ರ ಸಾಕ್ಷಿಯೇ ಅಲ್ಲವೆಂದು ಅದು ತೋರಿಸುತ್ತದೆ.

ಮೊದಲು ತನ್ನ ತಪ್ಪು

ಬೇರೆಯವರ ತಪ್ಪನ್ನು ಎತ್ತಿ ಹಿಡಿಯುವುದು ಸುಲಭ. ಕಾನೆಮನ್ ತಮ್ಮ ತಪ್ಪುಗಳನ್ನೂ ಪಾಠವಾಗಿಸಿದರು. 1934ರಲ್ಲಿ ಟೆಲ್ ಅವೀವ್‌ನಲ್ಲಿ ಹುಟ್ಟಿ, ಪ್ಯಾರಿಸ್‌ನಲ್ಲಿ ಬೆಳೆದು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನಲ್ಲಿ ತಲೆಮರೆಸಿಕೊಂಡಿದ್ದ ಯೆಹೂದಿ ಕುಟುಂಬದ ಹುಡುಗ ಅವರು. ಮನಶ್ಶಾಸ್ತ್ರದ ಜೊತೆಗೆ ಗಣಿತವನ್ನೂ ಓದಿ 1954ರಲ್ಲಿ ಪದವಿ ಪಡೆದ ಮೇಲೆ ಸೈನ್ಯಕ್ಕೆ ಸೇರಬೇಕಾಯಿತು. ಅಲ್ಲಿ ಅಧಿಕಾರಿ ತರಬೇತಿಗೆ ತಕ್ಕವರನ್ನು ಆರಿಸುವ ಕೆಲಸ ಬಂತು. ಪರಿಚಯವಿಲ್ಲದ ಎಂಟು ಮಂದಿ ಸೈನಿಕರು ಉದ್ದನೆಯ ಮರದ ದಿಮ್ಮಿಯನ್ನು ಆರು ಅಡಿ ಎತ್ತರದ ಗೋಡೆಗೆ ತಾಗಿಸದೆ ದಾಟಿಸಬೇಕು. ಯಾರು ಮುಂದಾಳಾದರು, ಯಾರು ಮುನಿಸಿಕೊಂಡರು, ಯಾರು ಬೇಗ ಸೋತರು ಎಂದೆಲ್ಲ ನೋಡಿ ಕಾನೆಮನ್ ಮತ್ತು ಸಹೋದ್ಯೋಗಿಗಳು ಭವಿಷ್ಯ ಬರೆಯುತ್ತಿದ್ದರು. ತರಬೇತಿ ಶಾಲೆಯಿಂದ ಆಗಾಗ ವರದಿ ಬರುತ್ತಿತ್ತು: ಇವರ ಭವಿಷ್ಯ ಕುರುಡು ಊಹೆಗಿಂತ ಹೆಚ್ಚು ವಾಸಿಯೇನೂ ಇರಲಿಲ್ಲ!

ತಮಾಷೆ ಇರುವುದು ಮುಂದೆ. ವರದಿ ಓದಿದ ಮೇಲೂ, ಮತ್ತೊಂದು ತಂಡ ದಿಮ್ಮಿ ಹೊತ್ತು ಬಂದಾಗ ಇವರಿಗೆ ಹಿಂದಿನಷ್ಟೇ ಖಚಿತವಾಗಿ 'ಈತ ಗೆಲ್ಲುತ್ತಾನೆ' ಎನ್ನಿಸುತ್ತಿತ್ತು. ತಿಳಿವಳಿಕೆ ಒಂದು ಕಡೆ, ಅನ್ನಿಸಿಕೆ ಇನ್ನೊಂದು ಕಡೆ. ಆತ್ಮವಿಶ್ವಾಸ ಗಟ್ಟಿಯಾಗಿದ್ದ ಮಾತ್ರಕ್ಕೆ ಅಂದಾಜು ಗಟ್ಟಿಯಾಗುವುದಿಲ್ಲ ಎಂಬ ಈ ಪಾಠವೇ ಅವರ ಮುಂದಿನ ಸಂಶೋಧನೆಗೆಲ್ಲ ಬೀಜವಾಯಿತು.

ತರಗತಿಯಲ್ಲಿ ಎದ್ದ ವಾಗ್ವಾದ

1968-69ರ ಸುಮಾರಿಗೆ ಕಾನೆಮನ್ ತಮ್ಮ ಸ್ನಾತಕೋತ್ತರ ವಿಚಾರಗೋಷ್ಠಿಗೆ ಅದೇ ವಿಭಾಗದ ಆಮೋಸ್ ಟ್ವೆರ್ಸ್ಕಿಯವರನ್ನು ಆಹ್ವಾನಿಸಿದರು. ಸಂಭವನೀಯತೆಯ ವಿಷಯದಲ್ಲಿ ಸಾಮಾನ್ಯ ಜನರ ಅಂದಾಜು ಸುಮಾರಾಗಿ ಸರಿಯಾಗಿಯೇ ಇರುತ್ತದೆ, ಕೊಂಚ ಹೆಚ್ಚು ಎಚ್ಚರಿಕೆ ವಹಿಸುತ್ತಾರಷ್ಟೆ ಎನ್ನುವ ಅಮೆರಿಕದ ಸಂಶೋಧನೆಯೊಂದನ್ನು ಟ್ವೆರ್ಸ್ಕಿ ವಿವರಿಸಿದರು. ಕಾನೆಮನ್ ಒಪ್ಪಲಿಲ್ಲ. ವರ್ಷಗಳಿಂದ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದರೂ ತಮ್ಮದೇ ಪ್ರಯೋಗಗಳಿಗೆ ಎಷ್ಟು ಜನರನ್ನು ಆರಿಸಬೇಕು ಎಂಬುದನ್ನು ತಾವು ಅಂದಾಜಿನ ಮೇಲೆ ನಿರ್ಧರಿಸಿ ಏಮಾರುತ್ತಿದ್ದುದು ಅವರಿಗೆ ಗೊತ್ತಿತ್ತು. ವಿದ್ಯಾರ್ಥಿಗಳ ಎದುರಿನಲ್ಲೇ ಇಬ್ಬರಿಗೂ ಬಿಸಿಬಿಸಿ ಚರ್ಚೆಯಾಯಿತು. ಮುಂದೆ ಎರಡು ದಶಕಕ್ಕೂ ಮೀರಿ ನಡೆದ ಜೋಡಿ ಸಂಶೋಧನೆಗೆ ನಾಂದಿ ಬಿದ್ದದ್ದು ಹೀಗೆ, ಒಂದು ತರಗತಿಯಲ್ಲಿ!

ಇಬ್ಬರೂ ಕೂಡಿ ಪ್ರಶ್ನಾವಳಿಯೊಂದನ್ನು ತಯಾರಿಸಿ ಪರಿಣತರಿಗೇ ಕೊಟ್ಟರು. ಉತ್ತರಿಸಿದವರಲ್ಲಿ ಸಂಖ್ಯಾಶಾಸ್ತ್ರದ ಪಠ್ಯಪುಸ್ತಕ ಬರೆದ ಇಬ್ಬರೂ ಇದ್ದರು. ಕೆಲವೇ ಮಂದಿಯ ಮೇಲೆ ಮಾಡಿದ ಪ್ರಯೋಗದ ಮೇಲೆ ಇವರೆಲ್ಲ ಇಟ್ಟಿದ್ದ ನಂಬಿಕೆ ಅತಿಯಾಗಿತ್ತು. ಈ ಫಲಿತಾಂಶ 1971ರಲ್ಲಿ ಅವರ ಮೊದಲ ಜಂಟಿ ಪ್ರಬಂಧವಾಗಿ ಬಂತು.

ವಿದ್ಯಾರ್ಥಿಗಳಿಗೆ ಅವರು ಕೇಳಿದ ಒಂದು ಪ್ರಶ್ನೆಯನ್ನು ಓದುಗರೂ ಬಿಡಿಸಲು ಪ್ರಯತ್ನಿಸಬಹುದು. ಊರಿನಲ್ಲಿ ಎರಡು ಆಸ್ಪತ್ರೆಗಳಿವೆ. ದೊಡ್ಡದರಲ್ಲಿ ದಿನಕ್ಕೆ ಸುಮಾರು 45 ಹೆರಿಗೆ, ಚಿಕ್ಕದರಲ್ಲಿ ಸುಮಾರು 15. ಹುಟ್ಟುವವರಲ್ಲಿ ಅರ್ಧದಷ್ಟು ಗಂಡು. ಹುಟ್ಟಿದವರಲ್ಲಿ ನೂರಕ್ಕೆ 60ಕ್ಕಿಂತ ಹೆಚ್ಚು ಗಂಡುಮಕ್ಕಳೇ ಆದ ದಿನಗಳನ್ನು ಎರಡೂ ಕಡೆ ಒಂದು ವರ್ಷ ಗುರುತು ಹಾಕಿಕೊಂಡರೆ, ಅಂಥ ದಿನಗಳು ಎಲ್ಲಿ ಹೆಚ್ಚು?

ಉತ್ತರಿಸಿದ 95 ಪದವಿ ವಿದ್ಯಾರ್ಥಿಗಳಲ್ಲಿ 53 ಮಂದಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಎಂದರು. 21 ಮಂದಿ ದೊಡ್ಡ ಆಸ್ಪತ್ರೆ ಎಂದರೆ, 21 ಮಂದಿ ಚಿಕ್ಕದು ಎಂದರು. ಸರಿಯುತ್ತರ ಚಿಕ್ಕ ಆಸ್ಪತ್ರೆ. ಲೆಕ್ಕ ಹಾಕಿದರೆ ಅಲ್ಲಿ ವರ್ಷಕ್ಕೆ ಅಂಥ ದಿನಗಳು ಸುಮಾರು 55, ದೊಡ್ಡದರಲ್ಲಿ ಸುಮಾರು 25. ನಾಲ್ಕು ಸಲ ನಾಣ್ಯ ಚಿಮ್ಮಿದಾಗ ನಾಲ್ಕೂ ಸಲ ರಾಜ ಬೀಳುವುದು ಅಪರೂಪವಲ್ಲ. ನಲವತ್ತು ಸಲವೂ ರಾಜನೇ ಬಿದ್ದರೆ ನಾಣ್ಯವನ್ನೇ ಸಂಶಯದಿಂದ ನೋಡಬೇಕು. ಗುಂಪು ಚಿಕ್ಕದಾದಷ್ಟೂ ಅದೃಷ್ಟದ ಆಟ ಜೋರು. ನಾಲ್ಕು ಮಕ್ಕಳು ಪರೀಕ್ಷೆಗೆ ಕುಳಿತ ಶಾಲೆಗೆ ಒಂದು ವರ್ಷ ನೂರಕ್ಕೆ ನೂರು, ಮರುವರ್ಷ ನೂರಕ್ಕೆ 50 ಫಲಿತಾಂಶ ಬಂದಾಗ ಮೇಷ್ಟರನ್ನು ಹೊಗಳುವವರೂ ತೆಗಳುವವರೂ ಇದನ್ನು ನೆನಪಿಡಬೇಕು.

'ನನಗೆ ಮೊದಲೇ ಗೊತ್ತಿತ್ತು'

ಈ ಇಬ್ಬರು ಗುರುಗಳ ವಿಚಾರಗೋಷ್ಠಿಯಲ್ಲಿ ಬರೂಖ್ ಫಿಶಾಫ್ ಎಂಬ ವಿದ್ಯಾರ್ಥಿಯಿದ್ದರು. ರೋಗಿಯ ಸ್ಥಿತಿ ಹೇಗೆ ಪರಿಣಮಿಸಿತೆಂದು ತಿಳಿದ ಮೇಲೆ, ಅದು ತಮಗೆ ಮೊದಲೇ ಗೊತ್ತಿತ್ತೆಂದು ವೈದ್ಯರು ಭಾವಿಸುವ ಸಂಗತಿ ಅಲ್ಲಿ ಚರ್ಚೆಗೆ ಬಂತು. ಇದನ್ನು ಪರೀಕ್ಷಿಸುವುದು ಹೇಗೆ? 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾಕ್ಕೂ ಸೋವಿಯತ್ ಒಕ್ಕೂಟಕ್ಕೂ ಪ್ರವಾಸ ಹೊರಟಿದ್ದರು. ಅದರಿಂದ ಏನೇನಾಗಬಹುದು ಎಂಬುದರ 15 ಸಂಭಾವ್ಯ ಘಟನೆಗಳ ಪಟ್ಟಿ ಮಾಡಿ, ಒಂದೊಂದೂ ನಡೆಯುವ ಸಾಧ್ಯತೆ ಎಷ್ಟೆಂದು ಜನರಿಂದ ಬರೆಸಿಕೊಂಡರು. ಪ್ರವಾಸ ಮುಗಿದ ಮೇಲೆ ಅದೇ ಜನರನ್ನು, ನೀವು ಮೊದಲು ಏನು ಬರೆದಿದ್ದಿರಿ ನೆನಪಿಸಿಕೊಳ್ಳಿ ಎಂದು ಕೇಳಿದರು. ನಡೆದ ಘಟನೆಗಳಿಗೆ ತಾವು ಹೆಚ್ಚಿನ ಸಾಧ್ಯತೆಯನ್ನೇ ಕೊಟ್ಟಿದ್ದೆವೆಂದು ಅವರು ಪ್ರಾಮಾಣಿಕವಾಗಿಯೇ ನಂಬಿದ್ದರು. ಹಳೆಯ ಹಾಳೆ ಬೇರೆಯೇ ಹೇಳುತ್ತಿತ್ತು. ರೂತ್ ಬೈತ್ ಅವರೊಡನೆ ಫಿಶಾಫ್ ಪ್ರಕಟಿಸಿದ 1975ರ ಈ ಪ್ರಬಂಧ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಚುನಾವಣೆ ಮುಗಿದ ಮರುದಿನ ಚಹಾದಂಗಡಿಯಲ್ಲಿ ಕುಳಿತರೆ ಇದಕ್ಕೆ ಬೇಕಾದಷ್ಟು ದೃಷ್ಟಾಂತ ಸಿಗುತ್ತದೆ!

ಎಂಟು ವರ್ಷ ಹಿಡಿದ ಪುಸ್ತಕ

1970ರ ದಶಕದಲ್ಲಿ ಕಾನೆಮನ್ ತಮ್ಮ ಕೆಲವು ವಿದ್ಯಾರ್ಥಿಗಳು, ಅನುಭವಿ ಶಿಕ್ಷಕರು ಮತ್ತು ಶಿಕ್ಷಣ ವಿಭಾಗದ ಡೀನ್ ಸೇಮೂರ್ ಫಾಕ್ಸ್ ಅವರನ್ನು ಕೂಡಿಸಿ, ಪ್ರೌಢಶಾಲೆಗಳಿಗಾಗಿ ಒಂದು ಪಠ್ಯಪುಸ್ತಕ ಬರೆಯಲು ಹೊರಟರು. ವಿಷಯ, ಸರಿಯಾಗಿ ಅಂದಾಜಿಸಿ ನಿರ್ಧಾರ ಕೈಗೊಳ್ಳುವುದು ಹೇಗೆ ಎಂಬುದು! ಸುಮಾರು ಒಂದು ವರ್ಷ ಪ್ರತಿ ಶುಕ್ರವಾರ ಸೇರಿದ ಮೇಲೆ, ಕೆಲಸ ಮುಗಿಯಲು ಎಷ್ಟು ಕಾಲ ಬೇಕೆಂದು ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆದುಕೊಟ್ಟರು. ಎಲ್ಲರದೂ ಎರಡು ವರ್ಷದ ಆಸುಪಾಸು. ಆಗ ಕಾನೆಮನ್, ಇಂಥ ಬೇರೆ ತಂಡಗಳಿಗೆ ಎಷ್ಟು ಕಾಲ ಹಿಡಿಯಿತು ಎಂದು ಫಾಕ್ಸ್‌ರನ್ನು ಕೇಳಿದರು. ಸ್ವಲ್ಪ ಯೋಚಿಸಿದ ಫಾಕ್ಸ್‌ರ ಮುಖ ಕೆಂಪಾಯಿತು. ನೂರಕ್ಕೆ 40ರಷ್ಟು ತಂಡಗಳು ಪುಸ್ತಕ ಮುಗಿಸಲೇ ಇಲ್ಲ, ಮುಗಿಸಿದವಕ್ಕೆ ಏಳರಿಂದ ಹತ್ತು ವರ್ಷ ಹಿಡಿಯಿತು ಎಂದರು. ಇಷ್ಟು ಗೊತ್ತಿದ್ದ ಅವರೂ ಚೀಟಿಯಲ್ಲಿ ಬರೆದದ್ದು ಎಲ್ಲರಂತೆಯೇ!

ಆ ದಿನವೇ ಕೈಬಿಡಬೇಕಿತ್ತು, ಬಿಡಲಿಲ್ಲ ಎಂದು ಕಾನೆಮನ್ ಆಮೇಲೆ ಒಪ್ಪಿಕೊಂಡರು. ಪುಸ್ತಕ ಮುಗಿಯಲು ಎಂಟು ವರ್ಷ ಬೇಕಾಯಿತು. ಅಷ್ಟರಲ್ಲಿ ಅವರು ಇಸ್ರೇಲ್ ಬಿಟ್ಟಾಗಿತ್ತು, ಶಿಕ್ಷಣ ಇಲಾಖೆಯ ಉತ್ಸಾಹವೂ ಇಳಿದಿತ್ತು. ಯಾವ ಶಾಲೆಯಲ್ಲೂ ಅದು ಪಾಠವಾಗಲಿಲ್ಲ.

ಗುರುವಿನ ಕೊನೆಯ ಪಾಠ

ಟ್ವೆರ್ಸ್ಕಿ 1996ರಲ್ಲಿ, 59ನೆಯ ವಯಸ್ಸಿನಲ್ಲಿ ತೀರಿಕೊಂಡರು. 2002ರಲ್ಲಿ ಕಾನೆಮನ್‌ರಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. 2011ರಲ್ಲಿ ಅವರ ಜನಪ್ರಿಯ ಗ್ರಂಥ ಹೊರಬಂದು ಜಗತ್ತೆಲ್ಲ ಓದಿತು. ಆದರೆ ಅದರ ಒಂದು ಅಧ್ಯಾಯದಲ್ಲಿ ಅವರು ನೆಚ್ಚಿಕೊಂಡಿದ್ದ ಹಲವು ಪ್ರಯೋಗಗಳು ಮತ್ತೆ ಮಾಡಿ ನೋಡಿದಾಗ ನಿಲ್ಲಲಿಲ್ಲ. ಬಹಳಷ್ಟು ಪ್ರಯೋಗಗಳಲ್ಲಿ ಜನರ ಸಂಖ್ಯೆ ತೀರ ಕಡಿಮೆಯಿತ್ತು. 1971ರಲ್ಲಿ ಪರಿಣತರಿಗೆಲ್ಲ ಎಚ್ಚರ ಹೇಳಿದ ಅದೇ ಹಳ್ಳಕ್ಕೆ ನಾಲ್ಕು ದಶಕದ ನಂತರ ತಾವೇ ಬಿದ್ದಿದ್ದರು! 2017ರಲ್ಲಿ, ಇಂಥ ಚಿಕ್ಕ ಪ್ರಯೋಗಗಳನ್ನು ತಾವು ಅತಿಯಾಗಿ ನಂಬಿದ್ದು ತಪ್ಪಾಯಿತೆಂದು ಅವರು ಬಹಿರಂಗವಾಗಿ ಬರೆದರು. ಆಗ ಅವರಿಗೆ 82 ವರ್ಷ. 2024ರ ಮಾರ್ಚ್‌ನಲ್ಲಿ, 90ರ ವಯಸ್ಸಿನಲ್ಲಿ ಅವರು ನಿಧನರಾದರು.

ನೊಬೆಲ್ ಪಡೆದವರೂ ತಪ್ಪುತ್ತಾರೆ ಎಂದು ನಗಾಡುವುದಕ್ಕಲ್ಲ ಈ ಮಾತು. ಮನಸ್ಸು ಹೇಗೆ ಮೋಸ ಹೋಗುತ್ತದೆಂದು ಬಲ್ಲವರೂ ಅದರಿಂದ ಪಾರಾಗುವುದಿಲ್ಲ. ಲೆಕ್ಕ ಬರೆದಿಟ್ಟು ತಾಳೆ ನೋಡುವುದೊಂದೇ ಇದಕ್ಕೆ ಮದ್ದು. ಫಿಶಾಫ್‌ರ ಹಳೆಯ ಹಾಳೆ, ಫಾಕ್ಸ್ ನೆನಪಿಸಿಕೊಂಡ ಬೇರೆ ತಂಡಗಳ ಕಥೆ, ಕಪ್ಪು ಹಲಗೆಯ ಮೇಲಿನ ಎರಡು ಸಾಲು ಅಂಕಿ ಇವೆಲ್ಲ ಹೇಳುವುದು ಇದನ್ನೇ.

ನಮ್ಮ ದೇಶದಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. ಆದರೆ ಕಾಯ್ದೆಯಿಂದ ಬೆತ್ತ ಕೈಬಿಟ್ಟರೂ 'ಎರಡು ಬಿಟ್ಟರೆ ಸರಿಹೋಗ್ತಾನೆ' ಎನ್ನುವ ನಂಬಿಕೆ ಸುಲಭವಾಗಿ ಬಿಡುವುದಿಲ್ಲ, ಏಕೆಂದರೆ ಅದಕ್ಕೆ ಕಣ್ಣೆದುರಿನ ಅನುಭವವೇ ಸಾಕ್ಷಿ ಹೇಳಿದಂತೆ ಕಾಣುತ್ತದೆ. ಸಂಶಯವಿದ್ದವರು ಸಿಬ್ಬಂದಿ ಕೊಠಡಿಯ ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಗುರಿ ಬರೆದು, ಬೆನ್ನು ತಿರುಗಿಸಿ ಎರಡೆರಡು ನಾಣ್ಯ ಎಸೆದು ನೋಡಬಹುದು. ಖರ್ಚೇನೂ ಇಲ್ಲ, ನಾಣ್ಯ ಮರಳಿ ಜೇಬಿಗೇ ಬರುತ್ತದೆ. ಮರುದಿನ 40 ಅಂಕದ ಉತ್ತರಪತ್ರಿಕೆ ಕೈಗೆ ಬಂದಾಗ, ಆ ಹುಡುಗನನ್ನು ಹತ್ತಿರ ಕರೆದು ಎಲ್ಲಿ ತಿಳಿಯಲಿಲ್ಲವೆಂದು ಕೇಳುವಷ್ಟು ತಾಳ್ಮೆ ಅದರಿಂದ ಬಂದರೆ ಅಷ್ಟೇ ಸಾಕು.