ಜರ್ಮನ್ ತೋಳಿನ ಮೇಲೆ ಮೈಸೂರು ಹುಲಿ!

ಒಂದು ಒಗಟು ಹೇಳಲೇ? ಎರಡನೇ ಮಹಾಯುದ್ಧದ ಕಾಲ. ಜರ್ಮನ್ ಸಮವಸ್ತ್ರ ತೊಟ್ಟ ಒಬ್ಬ ಸೈನಿಕ. ಬಲತೋಳಿಗೆ ಗುರಾಣಿಯಾಕಾರದ ಪುಟ್ಟ ಬಟ್ಟೆ ಬ್ಯಾಡ್ಜ್. ಅದರಲ್ಲೊಂದು ಪ್ರಾಣಿ ನೆಗೆಯುತ್ತಿದೆ. ಯಾವುದು? ಹದ್ದೇ? ಊಹೂಂ. ಸಿಂಹ? ಅದೂ ಅಲ್ಲ!

ಹುಲಿ! ಅದೂ ಕೇಸರಿ, ಬಿಳಿ, ಹಸಿರು ಪಟ್ಟಿಗಳ ನಡುವೆ!

ಮೈಸೂರಿನ ಬೋಗಾದಿಯವರೇ, ನಿಮ್ಮ ಮನೆಯಿಂದ ಶ್ರೀರಂಗಪಟ್ಟಣ ಎಷ್ಟು ದೂರ? ಸುಮಾರು 20 ಕಿ.ಮೀ. ಅಲ್ಲಿ ಆಳಿದ ಟಿಪ್ಪುವಿನ ಹುಲಿಯನ್ನೇ ನೆನಪಿಸುವ ಹುಲಿ ಇದು! ಸುಭಾಷ್‌ಚಂದ್ರ ಬೋಸರು ಜರ್ಮನಿಯಲ್ಲಿ ಕಟ್ಟಿದ ಭಾರತೀಯ ದಳದ ಗುರುತು. ಬ್ರಿಟಿಷರ ಪರ ಹೋರಾಡಿ ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕ ಭಾರತೀಯರೇ ಅದರಲ್ಲಿ ಹೆಚ್ಚು. ಒಟ್ಟು 3,000ದಷ್ಟು ಜನ!

ಇಂಥದೊಂದು ಬ್ಯಾಡ್ಜ್ ನಿಮ್ಮ ಕೈಗೆ ಬಂತೆನ್ನಿ. ಅಸಲಿಯೋ, ನಕಲಿಯೋ?

ದೀಪ ಆರಿಸಿ. ಕಳ್ಳನೋಟು ಹಿಡಿಯುವ ನೇರಳೆ ಟಾರ್ಚ್ ಬಿಡಿ. ದಾರ ನೀಲಿಬಿಳುಪಾಗಿ ಫಳಫಳ ಎಂದಿತೇ? ಅನುಮಾನ ಪಡಿ! ಬಟ್ಟೆಗೆ ಆ ಹೊಳಪು ಕೊಡುವ ರಾಸಾಯನಿಕ ಎಲ್ಲೆಡೆ ಬಳಕೆಗೆ ಬಂದದ್ದು ಯುದ್ಧ ಮುಗಿದ ಮೇಲೆ. (ಯಾರೋ ಪುಣ್ಯಾತ್ಮರು ಅಸಲಿಯನ್ನೇ ಇವತ್ತಿನ ಸೋಪಿನಪುಡಿಯಲ್ಲಿ ಒಗೆದಿದ್ದರೆ ಅದೂ ಹೊಳೆದೀತು!) ಹೊಳೆಯದಿದ್ದರೆ ಅಸಲಿ ಎಂದೂ ಕುಣಿಯಬೇಡಿ.

ಬಟ್ಟೆಯದಲ್ಲ, ಲೋಹದ ಪದಕವಾದರೆ? ಮಜಾ ಇರುವುದೇ ಇಲ್ಲಿ!

ಜರ್ಮನ್ ಸೈನ್ಯದ ಪದಕ ಐರನ್ ಕ್ರಾಸ್ ನೋಡಿ. ಒಂದೇ ತುಂಡಲ್ಲ, ಮೂರು! ನಡುವೆ ಕಪ್ಪು ಕಬ್ಬಿಣ, ಹಿಂದೆಮುಂದೆ ಬೆಳ್ಳಿಯ ಚೌಕಟ್ಟು. ಅಯಸ್ಕಾಂತ ಹಿಡಿದರೆ ಸಾಮಾನ್ಯವಾಗಿ ಟಪ್ ಎಂದು ಅಂಟುತ್ತದೆ. ಅಂಟದ ಅಸಲಿಗಳೂ ಇವೆ. ಅಂಟುವ ನಕಲಿಗಳಂತೂ ಬೇಕಾದಷ್ಟು!

ಮುಖದ ಮೇಲೆ 1939 ಎಂದಿದೆಯೇ? ಅದನ್ನೂ ನಂಬಬೇಡಿ! 1957ರಲ್ಲಿ ಪಶ್ಚಿಮ ಜರ್ಮನಿ ಕಾನೂನು ಮಾಡಿತು: ಹಳೆಯ ಯೋಧರು ಪದಕ ಧರಿಸಬಹುದು, ಸ್ವಸ್ತಿಕ ಮಾತ್ರ ಕೂಡದು. ಸ್ವಸ್ತಿಕದ ಜಾಗಕ್ಕೆ ಓಕ್ ಎಲೆಗಳು ಬಂದವು. ಕೆಳಗಿನ 1939 ಹಾಗೇ ಉಳಿಯಿತು! ಕೆತ್ತಿದ ಇಸವಿ ಒಂದು, ಹುಟ್ಟಿದ ಇಸವಿ ಇನ್ನೊಂದು!

ಈಗ ಹೇಳಿ: ಅಸಲಿಯಿಂದ ಅಚ್ಚು ತೆಗೆದು ಎರಕ ಹೊಯ್ದ ನಕಲು ದೊಡ್ಡದಿರುತ್ತದೋ, ಚಿಕ್ಕದೋ? ಚಿಕ್ಕದು! ಕರಗಿದ ಲೋಹ ಆರುತ್ತಾ ಕುಗ್ಗುತ್ತದಲ್ಲ! ಕೂದಲೆಳೆಯಷ್ಟೇ ವ್ಯತ್ಯಾಸ. ಕಣ್ಣಿಗೆ ಕಾಣದು, ವರ್ನಿಯರ್ ಕ್ಯಾಲಿಪರ್ ಬಿಡುವುದಿಲ್ಲ. ಭೂತಗನ್ನಡಿ ಹಿಡಿದರೆ ಎರಕದ ಗುಳ್ಳೆಗಳೂ ಸಿಕ್ಕಿಬೀಳುತ್ತವೆ. ಒತ್ತಿ ಮಾಡಿದ ಅಸಲಿಯಲ್ಲಿ ಆ ಗುಳ್ಳೆಗಳೆಲ್ಲಿಂದ ಬರಬೇಕು?

ಎಲ್ಲಕ್ಕಿಂತ ದೊಡ್ಡ ಪೆಟ್ಟು ಕೊನೆಗೆ. ಬೋಸರು 1942ರಲ್ಲಿ ಆಜಾದ್ ಹಿಂದ್ ಪದಕಗಳನ್ನೂ ಸ್ಥಾಪಿಸಿದರು. ಶೇರ್-ಎ-ಹಿಂದ್, ಸರ್ದಾರ್-ಎ-ಜಂಗ್, ವೀರ್-ಎ-ಹಿಂದ್… ಎಂಥ ಹೆಸರುಗಳು! ತಯಾರಿಸಿದ್ದು ಯಾರು ಗೊತ್ತೇ? ವಿಯೆನ್ನಾದ ರುಡಾಲ್ಫ್ ಸೂವಾಲ್ ಕಂಪನಿ. ಯುದ್ಧ ಮುಗಿಯಿತು, ದಳ ಚದುರಿತು. ಕಂಪನಿ? ಸಂಗ್ರಾಹಕರಿಗಾಗಿ ಅವೇ ಪದಕಗಳನ್ನು ಮತ್ತೆ ಮಾಡಿತು!

ಅದೇ ಕಂಪನಿ, ಅದೇ ವಿನ್ಯಾಸ! ಇದನ್ನು ನಕಲಿ ಅನ್ನುತ್ತೀರಾ? ನಾನಂತೂ ಅನ್ನಲಾರೆ. ಆದರೆ ಯುದ್ಧಕಾಲದ್ದು ಎಂದು ಮಾರಿದರೆ ಅದು ಮೋಸವೇ.

ಹಾಗಾಗಿ ಆಜಾದ್ ಹಿಂದ್ ಪದಕ ಎಂದು ಯಾರಾದರೂ ಮುಂದೆ ಹಿಡಿದರೆ ಕಣ್ತುಂಬಾ ನೋಡಿ, ಯಾರಿಂದ ಯಾರ ಕೈಗೆ ಬಂತು ಎಂದು ಕೇಳಿ. ಕಾಗದಪತ್ರ ಇಲ್ಲವೇ? ಯುದ್ಧಕಾಲದ ಬೆಲೆ ಕೊಡಲೇಬೇಡಿ!